ಒಂದೇ ರಾತ್ರಿ ಮೂವರು ಬಸುರಿಯರು: ಕೊಡೈಕೆನಾಲ್‌ನಲ್ಲಿ ಕಣ್ಮುಚ್ಚಿದ ಐಡಾ ಡಾಕ್ಟರಮ್ಮ

ಕೂಸು ಹೊಟ್ಟೆಯಲ್ಲಿ ತಲೆ ಮೇಲೆ ಮಾಡಿ ಕೂತಿದೆ ಎಂದು ಸ್ಕ್ಯಾನ್ ಮಾಡಿದವರು ಹೇಳಿದರೆ ಕಂಬಂ, ಬೋಡಿ ಕಡೆಯ ಕನ್ನಡ ಮನೆಗಳಲ್ಲಿ ಅಜ್ಜಿಯರ ಮುಖ ಬಾಡುತ್ತದೆ. ಆ ಭಯ ಸುಮ್ಮನೆ ಬಂದದ್ದಲ್ಲ. ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲಿ ತೀರಿಕೊಂಡ ಡಾ. ಐಡಾ ಸ್ಕಡರ್ ಅವರ ಬದುಕು ತಿರುಗಿದ್ದೂ ಅಂಥ ಒಂದು ರಾತ್ರಿಯಲ್ಲೇ.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ರಾಣಿಪೇಟೆಯಲ್ಲಿ. ಅಜ್ಜ, ಅಪ್ಪ ಇಬ್ಬರೂ ಅಮೆರಿಕ ಮಿಷನ್ನಿನ ಡಾಕ್ಟರುಗಳು. ಹುಡುಗಿಗೆ ಮಾತ್ರ ಈ ಬಿಸಿಲು, ಬರ ಬೇಡವಾಗಿತ್ತು. ಅಮೆರಿಕದಲ್ಲೇ ನೆಲೆಸುವ ಆಸೆ. ಅಮ್ಮನಿಗೆ ಕಾಯಿಲೆಯೆಂದು 1890ರಲ್ಲಿ ತಿಂಡಿವನಕ್ಕೆ ಬಂದಳು.

ಅಲ್ಲಿ ಒಂದು ರಾತ್ರಿ ಒಬ್ಬರ ಹಿಂದೆ ಒಬ್ಬರಂತೆ ಮೂವರು ಗಂಡಸರು ಬಂದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಮತ್ತೊಬ್ಬ ಹಿಂದೂ. ಗೋಳು ಒಂದೇ: ಹೆಂಡತಿಗೆ ಹೆರಿಗೆ ಆಗುತ್ತಿಲ್ಲ. ಐಡಾಗೆ ವೈದ್ಯ ಗೊತ್ತಿಲ್ಲ. ಗೊತ್ತಿದ್ದ ಅಪ್ಪ ಮನೆಯಲ್ಲೇ ಇದ್ದರು. ಆದರೆ ಪರಗಂಡಸು ಮುಟ್ಟುವುದಕ್ಕೆ ಮೂವರೂ ಒಪ್ಪಲಿಲ್ಲ. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ಸತ್ತಿದ್ದರು.

ಹೆರಿಗೆ ಕಷ್ಟವಾಗಲು ಕಾರಣ ಹಲವು. ಕೂಸು ಅಡ್ಡ ಮಲಗಿರಬಹುದು, ಕಾಲೋ ಕುಂಡೆಯೋ ಮುಂದಾಗಿರಬಹುದು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸನ್ನು ತಿರುಗಿಸುವ ವಿದ್ಯೆ ಆ ಕಾಲದ ಡಾಕ್ಟರುಗಳಿಗೆ ತಿಳಿದಿತ್ತು. ಜರ್ಮನಿಯ ವೀಗಾಂಡ್ 1807ರಲ್ಲೇ ಅದನ್ನು ಬರೆದಿಟ್ಟಿದ್ದ. ಮುಟ್ಟಬಹುದಾದ ಹೆಣ್ಣಿನ ಕೈ ಇರಲಿಲ್ಲ, ಅಷ್ಟೇ!

ಐಡಾ ಅಮೆರಿಕಕ್ಕೆ ಹೋಗಿ 1899ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ಕಾಲೇಜಿನಿಂದ ಡಾಕ್ಟರಾದರು. ಶೆಲ್ ಎಂಬ ಧನಿಕರು ಕೊಟ್ಟ 10,000 ಡಾಲರ್ ಹಿಡಿದು 1900ರಲ್ಲಿ ವೆಲ್ಲೂರಿಗೆ ಬಂದರು. ಅದೇ ವರ್ಷ ಅಪ್ಪ ತೀರಿಕೊಂಡರು. ಬಂಗಲೆಯ ಸಣ್ಣ ಕೋಣೆಯಲ್ಲಿ ಶುರುವಾದದ್ದು 1902ಕ್ಕೆ 40 ಹಾಸಿಗೆಯ ಆಸ್ಪತ್ರೆಯಾಯಿತು. 1909ರಲ್ಲಿ ನರ್ಸಿಂಗ್ ಶಾಲೆ. ಒಬ್ಬಳ ಕೈ ಸಾಲದೆಂದು 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ. ಹುಡುಗಿಯರು ಎಲ್ಲಿ ಬರುತ್ತಾರೆ ಎಂದವರಿದ್ದರು; ಬಂದ ಅರ್ಜಿ 151. 1922ರಲ್ಲಿ ಮೊದಲ ತಂಡದ 14 ಮಂದಿ ಪಾಸಾದರು.

ತಿರುಗಿಸುವ ಆ ವಿದ್ಯೆ ಇಂದೂ ಇದೆ. ದಿನ ತುಂಬಿದಾಗಲೂ ತಲೆ ಮೇಲಿರುವ ಕೂಸುಗಳು 100ಕ್ಕೆ ಮೂರೋ ನಾಲ್ಕೋ. 36-37ನೇ ವಾರದ ಹೊತ್ತಿಗೆ ಗರ್ಭಕೋಶ ಸಡಿಲಾಗಲು ಔಷಧಿ ಕೊಟ್ಟು, ಕೂಸಿನ ಎದೆಬಡಿತ ನೋಡುತ್ತ ಹೊರಗಿನಿಂದಲೇ ಮೆಲ್ಲಗೆ ತಿರುಗಿಸುತ್ತಾರೆ. ಸುಮಾರು ಅರ್ಧದಷ್ಟು ಕೂಸುಗಳು ತಿರುಗುತ್ತವೆ. ಮೊದಲೇ ಹೆತ್ತವರಲ್ಲಿ ಸುಲಭ, ಚೊಚ್ಚಲ ಬಸುರಿಯಲ್ಲಿ ಹೊಟ್ಟೆಯ ಸ್ನಾಯು ಬಿಗಿ, ಕಷ್ಟ. ಸುತ್ತಲಿನ ನೀರು ಸಾಕಷ್ಟಿರಬೇಕು. ಕುಂಡೆ ಕಟಿಯೊಳಗೆ ಇಳಿದು ಕೂತಿದ್ದರೆ, ಮಾಸು ಮುಂಭಾಗದಲ್ಲಿದ್ದರೆ, ತಾಯಿಯ ಮೈ ತೂಕ ಹೆಚ್ಚಿದ್ದರೆ ತಿರುಗುವುದು ಕಡಿಮೆ. ಅವಳಿ ಇದ್ದರೆ, ರಕ್ತ ಹೋಗುತ್ತಿದ್ದರೆ, ಮಾಸು ದಾರಿಗಡ್ಡ ಇದ್ದರೆ ಮುಟ್ಟುವಂತಿಲ್ಲ. ಮನೆಯಲ್ಲಿ ಎಣ್ಣೆ ಹಚ್ಚಿ ತಿರುಗಿಸುವ ಕೆಲಸ ಇದಲ್ಲವೇ ಅಲ್ಲ. ಅಪರೂಪಕ್ಕೆ ಎದೆಬಡಿತ ಇಳಿದರೆ ಕೂಡಲೇ ಆಪರೇಷನ್ ಮಾಡಬೇಕಾಗುತ್ತದೆ. ತಿರುಗದಿದ್ದರೂ ತಾಯಿ ಕೂಸು ಉಳಿಯುವ ದಾರಿ ಆಸ್ಪತ್ರೆಯಲ್ಲಿದೆ. ಆದರೆ ನೋವು ಬಂದ ಮೇಲೆ ಓಡಿದರೆ ತಿರುಗಿಸುವ ಹೊತ್ತು ಬಹುಪಾಲು ಮೀರಿರುತ್ತದೆ.

ಐಡಾ ಮದುವೆಯಾಗಲಿಲ್ಲ. 1946ರಲ್ಲಿ ನಿವೃತ್ತರಾದರು. ಬಳಿಕ ವೆಲ್ಲೂರಿನ ಹೊಣೆ ಹೊತ್ತವರಲ್ಲಿ ಹೆರಿಗೆ ತಜ್ಞೆ ಡಾ. ಹಿಲ್ಡಾ ಲಾಜರಸ್ ಒಬ್ಬರು. ಐಡಾ ಕೊಡೈಕೆನಾಲ್‌ನ ಹಿಲ್‌ಟಾಪ್ ಎಂಬ ಮನೆ ಸೇರಿದರು. ಅಲ್ಲೇ 1960ರ ಮೇ ತಿಂಗಳಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು.