ಸರ್ ಸಿದ್ದಪ್ಪ ಕಂಬಳಿ: ಪುರಸಭೆಯಿಂದ ಮಂತ್ರಿಪದವಿಗೆ

ಕನ್ನಡನಾಡಿನ ಸಾರ್ವಜನಿಕ ಜೀವನದ ಚರಿತ್ರೆಯಲ್ಲಿ ಸೆರೆಮನೆಗೆ ಹೋದವರ ಹೆಸರುಗಳು ಬೆಳಗಿವೆ. ಅದು ಸಹಜ, ಯೋಗ್ಯವೂ ಹೌದು. ಆದರೆ ಅದೇ ಕಾಲದಲ್ಲಿ ಸೆರೆಮನೆಗೆ ಹೋಗದೆ, ಸರಕಾರದ ಕಚೇರಿಯಲ್ಲಿಯೇ ಕುಳಿತು, ಸಿಕ್ಕಿದ ಅಲ್ಪಾಧಿಕಾರವನ್ನು ಹಿಡಿದು ತನ್ನ ನಾಡಿಗೂ ಜನಕ್ಕೂ ಏನನ್ನಾದರೂ ದಕ್ಕಿಸಿಕೊಡಬೇಕೆಂದು ಹೆಣಗಿದವರೂ ಇದ್ದರು. ಅಂಥವರ ಸ್ಮರಣೆ ಮಸುಕಾಗಿದೆ. ಹುಬ್ಬಳ್ಳಿಯ ಸರ್ ಸಿದ್ದಪ್ಪ ತೋಟಪ್ಪ ಕಂಬಳಿಯವರು ಈ ಎರಡನೆಯ ಪಂಕ್ತಿಗೆ ಸೇರಿದವರು. ಅವರನ್ನು ಹೊಗಳಿದವರೂ ಹಳಿದವರೂ ಸಮನಾಗಿಯೇ ಇದ್ದರು, ಇಬ್ಬರಿಗೂ ಕಾರಣಗಳಿದ್ದುವು.

ಕಂಬಳಿ ಎಂದೊಡನೆ ಕರಾವಳಿಯ ಪುತ್ತೂರು, ಸುಳ್ಯ, ಕಡಬದ ಬಾಲಕರಿಗೆ ಕೋಣಗಳ ಕಂಬಳವೇ ನೆನಪಿಗೆ ಬಂದರೆ ಆಶ್ಚರ್ಯವಿಲ್ಲ. ಬಯಲುಸೀಮೆಯಲ್ಲಿ ಕಂಬಳಿಯೆಂದರೆ ಕುರಿಯ ಉಣ್ಣೆಯ ಹೊದಿಕೆ. ಸರಕಿನ ಹೆಸರು, ಕಸುಬಿನ ಹೆಸರು ಮನೆತನದ ಅಡ್ಡಹೆಸರಾಗಿ ನಿಲ್ಲುವುದು ಆ ಸೀಮೆಯಲ್ಲಿ ಸರ್ವೇಸಾಮಾನ್ಯ. ಸಿದ್ದಪ್ಪನವರು ಜನಿಸಿದ್ದು 1882ರಲ್ಲಿ, ಹುಬ್ಬಳ್ಳಿಯಲ್ಲಿ, ಲಿಂಗಾಯತ ಕುಟುಂಬವೊಂದರಲ್ಲಿ. ಆ ದಶಕವೇ ಹುಬ್ಬಳ್ಳಿಯ ಭಾಗ್ಯ ತಿರುಗಿದ ಕಾಲ. ರೈಲು ಬಂದಿತು, ಅದರ ದೊಡ್ಡ ಕಾರ್ಖಾನೆ ನೆಲೆಗೊಂಡಿತು, ಅರಳೆಯ ಪೇಟೆ ಬೆಳೆಯಿತು. ಪೇಟೆ ಬೆಳೆದಷ್ಟು ವಿದ್ಯೆ ಬೆಳೆಯಲಿಲ್ಲ. ಅಂಗಡಿಯ ಲೆಕ್ಕಕ್ಕೆ ಸಾಕಾಗುವಷ್ಟು ಓದು ಬಂದರೆ ಹುಡುಗನನ್ನು ಗದ್ದುಗೆಯ ಮೇಲೆ ಕುಳ್ಳಿರಿಸುವುದೇ ವ್ಯಾಪಾರಸ್ಥರ ರೂಢಿ. ಒಕ್ಕಲಿಗರ ಮನೆಯಲ್ಲಿ ಅಷ್ಟೂ ಇಲ್ಲ.

ಈ ಕೊರತೆಯನ್ನು ಮೊದಲೇ ಕಂಡವರಿದ್ದರು. 1883ರಲ್ಲಿ ಗಿಲಗಂಚಿ ಗುರುಸಿದ್ದಪ್ಪನವರೂ ಅರಟಾಳ ರುದ್ರಗೌಡರೂ ಧಾರವಾಡದಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ನಿಧಿಯನ್ನು ಕೂಡಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆದಾಯವನ್ನೇ ವಿದ್ಯಾದಾನಕ್ಕೆ ಬಿಟ್ಟುಹೋದರು. ಸಿದ್ದಪ್ಪನವರ ತಾರುಣ್ಯ ಕಳೆದದ್ದು ಇಂಥ ವಾತಾವರಣದಲ್ಲಿ. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಒಂದೇ ಒಂದು ಕಾಲೇಜು ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಪದವಿ ಬೇಕೆಂಬ ಕನ್ನಡಿಗನು ಪುಣೆಗೆ ಹೋಗಬೇಕು, ಪರಭಾಷೆಯ ಊರಲ್ಲಿ ಊಟ ವಸತಿಗಳನ್ನು ಹೊಂದಿಸಿಕೊಳ್ಳಬೇಕು, ಪರೀಕ್ಷೆಗೆ ಮುಂಬಯಿ ವಿಶ್ವವಿದ್ಯಾಲಯದ ಮುಖ ನೋಡಬೇಕು. ಸಿದ್ದಪ್ಪನವರೂ ಪುಣೆಯ ದಾರಿಯನ್ನೇ ಹಿಡಿದು ಪದವೀಧರರಾದರು. ಕಾಯಿದೆಯ ಪರೀಕ್ಷೆಯನ್ನು ಮುಗಿಸಿಕೊಂಡು ಹುಬ್ಬಳ್ಳಿಗೆ ಮರಳಿ ವಕೀಲಿ ಹೂಡಿದರು. ವಿದ್ಯೆಗಾಗಿ ಪರಸ್ಥಳಕ್ಕೆ ಹೋಗುವ ಕಷ್ಟ ಅವರಿಗೆ ಕೇಳಿ ತಿಳಿದ ವಿಷಯವಾಗಿರಲಿಲ್ಲ. ಮುಂದೆ ಕನ್ನಡಿಗರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ವಾದವನ್ನು ಅವರು ಬಿಡದೆ ಮಂಡಿಸಿದ್ದಕ್ಕೆ ಬೇರನ್ನು ಇಲ್ಲಿಯೇ ಹುಡುಕಬೇಕು.

ವಕೀಲರಾದವರು ಊರಿನ ಪುರಸಭೆಗೆ ಹೋಗುವುದು ಆ ಕಾಲದ ಪದ್ಧತಿ. ಸಿದ್ದಪ್ಪನವರೂ ಹುಬ್ಬಳ್ಳಿಯ ಪುರಸಭೆಯ ಸದಸ್ಯರಾದರು, ಕಾಲಕ್ರಮದಲ್ಲಿ ಅದರ ಅಧ್ಯಕ್ಷರೂ ಆದರು. ಹುಬ್ಬಳ್ಳಿಯದು 1855ರಷ್ಟು ಹಳೆಯ ಪುರಸಭೆ. ಆದರೆ ಹಳೆಯದಾದ ಮಾತ್ರಕ್ಕೆ ಸುಲಭದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಆ ಊರನ್ನು ಹಿಂಡಿಹೋಗಿತ್ತು. ಕುಡಿಯುವ ನೀರಿಗೆ ಉಣಕಲ್ಲಿನ ಕೆರೆಯೇ ಆಧಾರ, ಊರಾದರೋ ವರ್ಷವರ್ಷಕ್ಕೆ ಹಿಗ್ಗುತ್ತಿತ್ತು. ಗಟಾರ, ಬೀದಿದೀಪ, ಸಂತೆಯ ಜಾಗ, ಜಕಾತಿ, ಪ್ರಾಥಮಿಕ ಶಾಲೆ ಇವೆಲ್ಲ ಒಂದೇ ಮೇಜಿನ ಮೇಲೆ ಬಂದು ಬೀಳುವ ಸ್ಥಾನ ಅದು. ತೆರಿಗೆಯನ್ನು ಏರಿಸಿದರೆ ವರ್ತಕರು ಮುನಿಯುವರು, ಏರಿಸದಿದ್ದರೆ ನಳದಲ್ಲಿ ನೀರು ಬಾರದು. ರಾಜ್ಯಶಾಸ್ತ್ರದ ಗ್ರಂಥಗಳಲ್ಲಿ ಕಾಣದ ಈ ಪಾಠವನ್ನು ಪುರಸಭೆಯೇ ಕಲಿಸಬೇಕು. ಸಿದ್ದಪ್ಪನವರು ಚೆನ್ನಾಗಿಯೇ ಕಲಿತರೆಂಬುದಕ್ಕೆ ಮುಂದಿನ ಅವರ ನಡೆನುಡಿಯಲ್ಲಿನ ಲೆಕ್ಕಾಚಾರವೇ ಸಾಕ್ಷಿ. ಭಾವಾವೇಶದ ಮಾತಿಗಿಂತ ಆಯವ್ಯಯದ ಅಂಕಿಯ ಮೇಲೆ ಅವರಿಗೆ ಭರವಸೆ ಹೆಚ್ಚು.

1919ರ ಸುಧಾರಣಾ ಶಾಸನ ಪ್ರಾಂತಗಳ ಆಡಳಿತವನ್ನು ಎರಡು ಪಾಲು ಮಾಡಿತು. ಹಣಕಾಸು, ಪೋಲೀಸು, ಕಂದಾಯಗಳು ಗವರ್ನರರ ಕೈಯಲ್ಲಿಯೇ ಉಳಿದುವು. ಶಿಕ್ಷಣ, ಕೃಷಿ, ಅಬಕಾರಿ, ಆರೋಗ್ಯ, ಸ್ಥಳೀಯ ಸ್ವರಾಜ್ಯ ಮೊದಲಾದವು ಭಾರತೀಯ ಮಂತ್ರಿಗಳಿಗೆ ಬಂದುವು. ಹೆಡಿಗೆಯನ್ನು ಕೊಟ್ಟು ಧಾನ್ಯವನ್ನು ಇಟ್ಟುಕೊಂಡಂತಾಯಿತೆಂದು ಕಾಂಗ್ರೆಸ್ಸು ಭಾವಿಸಿ 1920ರ ಚುನಾವಣೆಯನ್ನು ಬಹಿಷ್ಕರಿಸಿತು. ಹೆಡಿಗೆಯೇ ಇಲ್ಲದವನಿಗೆ ಬರಿಯ ಹೆಡಿಗೆಯೂ ಲಾಭವೆಂದು ಬ್ರಾಹ್ಮಣೇತರ ಪಕ್ಷದವರು ಭಾವಿಸಿದರು. ನೌಕರಿಯಲ್ಲಿ, ಶಾಲೆಯಲ್ಲಿ, ಸಭೆಗಳಲ್ಲಿ ಹಿಂದೆ ಬಿದ್ದ ಸಮುದಾಯಗಳು ಮೊದಲು ತಮ್ಮ ಪಾಲನ್ನು ಪಡೆಯಬೇಕೆಂಬುದು ಅವರ ನಿಲುವು. ಕೊಲ್ಲಾಪುರದ ಶಾಹೂ ಮಹಾರಾಜರು 1920ರಲ್ಲಿ ಹುಬ್ಬಳ್ಳಿಗೇ ಬಂದು ಕರ್ನಾಟಕದ ಬ್ರಾಹ್ಮಣೇತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಮದ್ರಾಸು ಪ್ರಾಂತದಲ್ಲಿ ಜಸ್ಟಿಸ್ ಪಕ್ಷ ಅದೇ ಚುನಾವಣೆಯಲ್ಲಿ ಗೆದ್ದು ಅಧಿಕಾರಕ್ಕೆ ಬಂದದ್ದನ್ನು ದಕ್ಷಿಣ ಕನ್ನಡದವರು ಹತ್ತಿರದಿಂದ ಕಂಡಿದ್ದರು. ಸಿದ್ದಪ್ಪನವರು ಈ ಪಕ್ಷದ ಮಾರ್ಗವನ್ನು ಹಿಡಿದು ಮುಂಬಯಿಯ ಶಾಸನಮಂಡಲವನ್ನು ಪ್ರವೇಶಿಸಿದರು; ಮುಂದೆ ಅದರ ಉಪಾಧ್ಯಕ್ಷರಾಗಿಯೂ ಆರಿಸಿಬಂದರು. ಆಗಿನ ಮತಾಧಿಕಾರವಾದರೂ ಎಲ್ಲರದಲ್ಲ, ಭೂಮಿಕಾಣಿ ಉಳ್ಳವರದು, ತೆರಿಗೆ ಕೊಡುವವರದು. ಹಿಂದುಳಿದವರ ಪರವಾದ ಪಕ್ಷವೂ ಉಳ್ಳವರ ಮತದಿಂದಲೇ ಗೆಲ್ಲಬೇಕಾಗಿದ್ದ ವಿಚಿತ್ರವನ್ನು ಮರೆಯಬಾರದು.

ಅವರ ಜೀವನದ ಅತ್ಯಂತ ಕುತೂಹಲಕರವಾದ ಘಟ್ಟ ಇನ್ನು ಮುಂದಿನದು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಅದೊಂದೇ ಸಲ, ಕರ್ನಾಟಕದ ನೆಲದಲ್ಲಿ. ಕನ್ನಡಿಗರೆಲ್ಲ ಕೂಡಿದ್ದ ಆ ಸಂದರ್ಭದಲ್ಲಿಯೇ ಅಲ್ಲಿ ಪ್ರಥಮ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ಅದರ ಅಧ್ಯಕ್ಷಪೀಠದಲ್ಲಿ ಕುಳಿತವರು ಖಾದಿಧಾರಿಯಾದ ಕಾಂಗ್ರೆಸ್ಸಿಗರಲ್ಲ, ಸರಕಾರದ ಶಾಸನಮಂಡಲದಲ್ಲಿ ಕುಳಿತಿದ್ದ ಸಿದ್ದಪ್ಪ ಕಂಬಳಿಯವರು. ಏಕೀಕರಣವನ್ನು ಬಯಸಿದ ಹಿರಿಯರ ದೂರದೃಷ್ಟಿಯನ್ನು ಇಲ್ಲಿ ಕಾಣಬೇಕು. ನಾಡು ಒಂದಾಗುವುದು ಒಂದು ಪಕ್ಷದ ಮಾತಾದರೆ ಉಳಿದವರು ದೂರ ನಿಲ್ಲುವರು. ಪ್ರತ್ಯೇಕ ಪ್ರಾಂತವಾದರೆ ಯಾವ ಸಮುದಾಯದ ಕೈ ಮೇಲಾಗುವುದೋ ಎಂಬ ಶಂಕೆ ಅಂದು ಹಲವರಲ್ಲಿತ್ತು. ಲಿಂಗಾಯತ ಸಮಾಜದ ಒಬ್ಬ ಮುಖಂಡರು, ಅದೂ ಬ್ರಾಹ್ಮಣೇತರ ಪಕ್ಷದವರು, ಆ ಪೀಠವನ್ನು ಒಪ್ಪಿದುದರಿಂದ ಆ ಶಂಕೆ ಅಷ್ಟರಮಟ್ಟಿಗೆ ಸಡಲಿತು. ಕನ್ನಡದ ಪ್ರಶ್ನೆ ಪಕ್ಷದ ಪ್ರಶ್ನೆಗಿಂತ ದೊಡ್ಡದೆಂದು ಅವರೂ ಒಪ್ಪಿದರು, ಅವರನ್ನು ಕರೆದ ರಾಷ್ಟ್ರೀಯವಾದಿಗಳೂ ಒಪ್ಪಿದರು.

ಈ ಏಕೀಕರಣ ಏಕೆ ಬೇಕಾಗಿತ್ತೆಂಬುದನ್ನು ತಿಳಿಯಲು ಪುತ್ತೂರು ಸುಳ್ಯಗಳವರು ದೂರ ಹೋಗಬೇಕಾಗಿಲ್ಲ. ಅಮರಸುಳ್ಯ ಮತ್ತು ಪುತ್ತೂರಿನ ಸೀಮೆಗಳು 1834ರ ವರೆಗೆ ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದುವು. ಕೊಡಗನ್ನು ಕಂಪೆನಿ ಸರಕಾರ ಕಬಳಿಸಿದಾಗ ಅವನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅದರ ಅಸಮಾಧಾನವೂ 1837ರ ಅಮರಸುಳ್ಯದ ದಂಗೆಗೆ ಒಂದು ಕಾರಣ. 1862ರಲ್ಲಿ ಆ ಕೆನರಾ ಜಿಲ್ಲೆಯನ್ನೇ ಸೀಳಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟರು, ದಕ್ಷಿಣದ ಭಾಗ ಮದ್ರಾಸಿನಲ್ಲಿ ಉಳಿಯಿತು. ಹೀಗೆ ಹುಬ್ಬಳ್ಳಿಯವನ ಅಹವಾಲು ಮುಂಬಯಿಗೆ, ಪುತ್ತೂರಿನವನದು ಮದ್ರಾಸಿಗೆ, ಮಡಿಕೇರಿಯವನದು ಮತ್ತೊಂದು ಕಡೆಗೆ. ಮುಂಬಯಿಯ ಶಾಸನಮಂಡಲದಲ್ಲಿ ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ನಾಲ್ಕು ಜಿಲ್ಲೆಗಳ ಪ್ರತಿನಿಧಿಗಳು ಸಿಂಧಿ, ಗುಜರಾತಿ, ಮರಾಠಿ ಪ್ರತಿನಿಧಿಗಳ ನಡುವೆ ಬೆರಳೆಣಿಕೆಯವರು. ಆಳುವ ಸಭೆಯಲ್ಲಿ ಅಲ್ಪಸಂಖ್ಯರಾಗಿ ಕುಳಿತು ಅನುಭವಿಸಿದವರೇ ಏಕೀಕರಣ ಪರಿಷತ್ತಿಗೆ ಅಧ್ಯಕ್ಷರಾದದ್ದು ಉಚಿತವಾಗಿತ್ತು.

1930ರಲ್ಲಿ ಕಂಬಳಿಯವರು ಮಂತ್ರಿಗಳಾದರು. ಅದು ಉಪ್ಪಿನ ಸತ್ಯಾಗ್ರಹದ ವರ್ಷ. ಉತ್ತರ ಕನ್ನಡದ ಅಂಕೋಲೆಯಲ್ಲಿ ಜನ ಉಪ್ಪನ್ನು ಮಾಡಿ ಬಂಧನಕ್ಕೊಳಗಾದರು. ಅಂಕೋಲೆ ಸಿದ್ದಾಪುರಗಳ ಒಕ್ಕಲಿಗರು ಕರವನ್ನು ಕೊಡದೆ ಹೊಲಮನೆಗಳನ್ನು ಕಳೆದುಕೊಂಡರು. ಅವರೆಲ್ಲ ಕನ್ನಡಿಗರೇ, ಅದೇ ಪ್ರಾಂತದ ಪ್ರಜೆಗಳೇ. ಆ ಸರಕಾರದ ಮಂತ್ರಿಮಂಡಲದಲ್ಲಿ ಕನ್ನಡಿಗರೊಬ್ಬರು ಕುಳಿತಿರುವುದು ರಾಷ್ಟ್ರೀಯವಾದಿಗಳ ಮನಸ್ಸಿಗೆ ಚುಚ್ಚಿತು. ಕಂದಾಯವೂ ಪೋಲೀಸೂ ಮಂತ್ರಿಗಳ ಅಧೀನದಲ್ಲಿ ಇರಲಿಲ್ಲವೆಂಬುದು ಅವರ ಪರವಾಗಿ ಹೇಳಬಹುದಾದ ಮಾತು, ಮತ್ತು ಅದು ನಿಜ. ಆದರೆ ಜಪ್ತಿಗೊಳಗಾದ ಒಕ್ಕಲಿಗನಿಗೆ ಆ ಸೂಕ್ಷ್ಮಭೇದದಿಂದ ಸಮಾಧಾನವಾಗದು. ಈ ಕಲೆಯನ್ನು ತೊಡೆದುಹಾಕಿ ಅವರ ಚರಿತ್ರೆಯನ್ನು ಬರೆಯುವುದು ಪ್ರಾಮಾಣಿಕತೆಯಲ್ಲ. ಅಂತೆಯೇ ಅದೊಂದನ್ನೇ ಹಿಡಿದು ಉಳಿದುದೆಲ್ಲವನ್ನೂ ಅಳಿಸುವುದೂ ನ್ಯಾಯವಲ್ಲ.

ಕೃಷಿ, ಅಬಕಾರಿ, ಶಿಕ್ಷಣ ಈ ಖಾತೆಗಳು 1937ರ ವರೆಗಿನ ಅವಧಿಯಲ್ಲಿ ಅವರ ಕೈಗೆ ಬಂದುವು. ಅಬಕಾರಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಪ್ರಾಂತದ ಬೊಕ್ಕಸಕ್ಕೆ ಕಂದಾಯದ ತರುವಾಯ ದೊಡ್ಡ ಆದಾಯವೆಂದರೆ ಹೆಂಡ ಸಾರಾಯಿಗಳದು. ಶಾಲೆಯ ಮಾಸ್ತರನ ಸಂಬಳ, ದವಾಖಾನೆಯ ಔಷಧ ಇವಕ್ಕೆ ಹಣ ಬೇಕೆಂದರೆ ಕುಡುಕನ ಕಿಸೆಯಿಂದಲೇ ಬರಬೇಕು. ಪಾನನಿರೋಧವನ್ನು ಮಾಡಿದರೆ ಶಾಲೆಗಳ ಬಾಗಿಲು ಮುಚ್ಚಬೇಕು, ಶಾಲೆಗಳನ್ನು ಬೆಳೆಸಬೇಕಾದರೆ ಅಂಗಡಿಯ ಬಾಗಿಲು ತೆರೆದಿರಬೇಕು. ಅಷ್ಟಾವರಣದಲ್ಲಿಯೂ ಪಂಚಾಚಾರದಲ್ಲಿಯೂ ಶ್ರದ್ಧೆಯುಳ್ಳ ಸಮಾಜದಿಂದ ಬಂದವರಿಗೆ ಈ ಇಕ್ಕಟ್ಟು ಲಘುವಾದದ್ದಲ್ಲ. ದ್ವಿಮುಖ ಆಡಳಿತದ ಎಲ್ಲ ಮಂತ್ರಿಗಳನ್ನೂ ಕಾಡಿದ ಸಮಸ್ಯೆ ಇದು. ಸಾಲದುದಕ್ಕೆ ಆ ವರ್ಷಗಳು ಜಗತ್ತಿನ ಆರ್ಥಿಕ ಕುಸಿತದ ವರ್ಷಗಳು; ಅರಳೆಯ ಬೆಲೆ ಇಳಿದು ಹುಬ್ಬಳ್ಳಿ, ಗದಗುಗಳ ಪೇಟೆ ಸೊರಗಿತ್ತು, ಸರಕಾರವು ಎಲ್ಲ ಖಾತೆಗಳಲ್ಲಿಯೂ ಖರ್ಚನ್ನು ಕಡಿತಗೊಳಿಸುತ್ತಿತ್ತು. ಹೊಸದನ್ನು ಕಟ್ಟುವುದಿರಲಿ, ಇದ್ದುದನ್ನು ಉಳಿಸಿಕೊಳ್ಳುವುದೇ ಸಾಹಸವಾಗಿದ್ದ ಕಾಲದಲ್ಲಿ ಅವರು ಅಧಿಕಾರದಲ್ಲಿದ್ದರು. ಅವರ ಕಾರ್ಯವನ್ನು ಅಳೆಯುವವರು ಈ ಅಳತೆಗೋಲನ್ನು ಕೈಬಿಡಬಾರದು.

ಆ ಅವಧಿಯಲ್ಲಿಯೇ, 1933ರಲ್ಲಿ, ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸಂಸ್ಥೆಯವರು ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜನ್ನು ತೆರೆದರು. 1916ರಲ್ಲಿ ಏಳು ಜನ ಶಿಕ್ಷಕರು ತಮ್ಮ ಸಂಬಳದ ಆಸೆಯನ್ನು ಬದಿಗಿರಿಸಿ ಕಟ್ಟಿದ ಸಂಸ್ಥೆ ಅದು. ಕನ್ನಡ ಜಿಲ್ಲೆಗಳಲ್ಲಿ ಕಾಲೇಜುಗಳು ಒಂದರಿಂದ ಎರಡಾದದ್ದು ಅಂಕಿಯಲ್ಲಿ ಅಲ್ಪ. ಪುಣೆಯ ದಾರಿಯನ್ನು ತುಳಿದ ತಲೆಮಾರಿಗೆ ಅದು ಅಲ್ಪವಾಗಿ ಕಂಡಿರಲಾರದು.

ದಿವಾನ್ ಬಹಾದ್ದೂರ್ ಎಂಬ ಬಿರುದೂ ಆ ಮೇಲೆ ಸರ್ ಎಂಬ ಪದವಿಯೂ ಸರಕಾರದಿಂದ ಬಂದುವು. 1935ರ ಶಾಸನದಂತೆ ಹೊಸ ಚುನಾವಣೆ ನಡೆದಾಗ ಮುಂಬಯಿಯ 175 ಸ್ಥಾನಗಳಲ್ಲಿ 86ನ್ನು ಕಾಂಗ್ರೆಸ್ಸು ಗೆದ್ದಿತು. ಗವರ್ನರರ ವಿಶೇಷಾಧಿಕಾರದ ವಿಷಯದಲ್ಲಿ ಆಶ್ವಾಸನೆ ದೊರೆಯದೆ ಅಧಿಕಾರವನ್ನು ಒಲ್ಲೆನೆಂದಿತು. ಆಗ 1937ರ ಏಪ್ರಿಲ್ 1ರಂದು ಸರ್ ಧನಜಿಶಾ ಕೂಪರರ ನಾಯಕತ್ವದಲ್ಲಿ ಅಲ್ಪಮತದ ಮಂತ್ರಿಮಂಡಲ ರಚಿತವಾಯಿತು. ಜಮನಾದಾಸ ಮೆಹತಾ, ಹುಸೇನಲಿ ರಹಿಮತುಲ್ಲಾ ಅವರೊಡನೆ ಕಂಬಳಿಯವರೂ ಅದರಲ್ಲಿ ಸೇರಿದರು. ಬಹುಮತವಿಲ್ಲದ ಆ ಮಂಡಲ ಶಾಸನಸಭೆಯನ್ನು ಎದುರಿಸುವ ಸ್ಥಿತಿಯಲ್ಲಿ ಇರಲಿಲ್ಲ. ಜುಲೈಯಲ್ಲಿ ಕಾಂಗ್ರೆಸ್ಸು ಒಪ್ಪಿತು, ಬಾಳಾಸಾಹೇಬ ಖೇರರು ಪ್ರಧಾನಿಗಳಾದರು, ಕೂಪರ ಮಂಡಲ ಇಳಿಯಿತು. ನಾಲ್ಕು ತಿಂಗಳೂ ತುಂಬದ ಆ ಅಧಿಕಾರವನ್ನು ಕಂಬಳಿಯವರು ಒಪ್ಪದೆ ಇದ್ದಿದ್ದರೆ ಅವರ ಕೀರ್ತಿಗೆ ಒಳ್ಳೆಯದಾಗುತ್ತಿತ್ತೆಂದೇ ತೋರುತ್ತದೆ. ಏಳು ವರ್ಷ ಮಂತ್ರಿಯಾಗಿದ್ದವರಿಗೆ ಈ ನಾಲ್ಕು ತಿಂಗಳಿನಿಂದ ಹೆಚ್ಚಿದ್ದೇನೂ ಇಲ್ಲ.

ಬ್ರಾಹ್ಮಣೇತರ ಪಕ್ಷವು ಅಷ್ಟರಲ್ಲಿ ಕರಗತೊಡಗಿತ್ತು. ಅದರ ತರುಣರು ಬಹುಮಂದಿ ಕಾಂಗ್ರೆಸ್ಸನ್ನು ಸೇರಿದರು. 1938ರಲ್ಲಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿಯ ಶಾಸನಸಭೆಯಲ್ಲಿ ಕರ್ನಾಟಕ ಪ್ರಾಂತರಚನೆಯ ಗೊತ್ತುವಳಿಯನ್ನು ಮಂಡಿಸಿದಾಗ ಬೆಳಗಾವಿಯ ಪರಿಷತ್ತಿನ ಮಾತು ಕಾಂಗ್ರೆಸ್ಸಿಗರ ಬಾಯಿಂದ ಆ ಸಭೆಯಲ್ಲಿ ಮೊಳಗಿತು. ಧಾರವಾಡದಲ್ಲಿ 1947ರಲ್ಲಿ ಕೃಷಿ ಕಾಲೇಜು ಸ್ಥಾಪಿತವಾಯಿತು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿಯೇ ಆರಂಭಗೊಂಡು ಮರುವರ್ಷ ಧಾರವಾಡಕ್ಕೆ ಬಂದಿತು. ಇವಕ್ಕಾಗಿ ದುಡಿದವರು ಅನೇಕರು. ಮೊದಲಿನಿಂದ ದನಿಯೆತ್ತಿದವರಲ್ಲಿ ಸಿದ್ದಪ್ಪನವರ ಸ್ಥಾನ ಮುಂಚೂಣಿಯದು. 1956ರ ನವೆಂಬರ್ 1ರಂದು ಹುಬ್ಬಳ್ಳಿ ಧಾರವಾಡಗಳೂ ಪುತ್ತೂರು ಮಂಗಳೂರುಗಳೂ ಒಂದೇ ರಾಜ್ಯಕ್ಕೆ ಸೇರಿದುವು. ಬೆಳಗಾವಿಯ ಪರಿಷತ್ತು ನಡೆದು ಆಗ ಮೂವತ್ತೆರಡು ವರ್ಷ ತುಂಬುತ್ತಿತ್ತು. ಕಾಸರಗೋಡು ಹೊರಗುಳಿಯಿತು.