ಬಿಲ್ ವಿಲ್ಸನ್ ನಾಲ್ಕು ಸಲ ಅಡ್ಮಿಟ್ ಆದ, ಆಮೇಲೆ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಮನೆಯಲ್ಲೊಬ್ಬರ ಕುಡಿತ ಕೈಮೀರಿದರೆ ಎಲ್ಲರೂ ಕೇಳುವುದು ಒಂದೇ: ಅಡ್ಮಿಟ್ ಮಾಡ್ಸುದಾ, ಮನೆಯಲ್ಲೇ ಇಟ್ಟು ಮದ್ದು ಕೊಡ್ಸುದಾ? ಆಗೆಲ್ಲ ನನಗೆ ನೆನಪಾಗುವುದು ಅಮೆರಿಕದ ಬಿಲ್ ವಿಲ್ಸನ್. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಕಟ್ಟಿದ ಇಬ್ಬರಲ್ಲಿ ಒಬ್ಬ.

ಬಿಲ್ ಹುಟ್ಟಿದ್ದು 1895ರಲ್ಲಿ, ವರ್ಮಾಂಟಿನ ಹಳ್ಳಿಯೊಂದರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಸೇನೆಯಲ್ಲಿದ್ದಾಗ ಕುಡಿತ ಶುರುವಾಯ್ತು. ಆಮೇಲೆ ನ್ಯೂಯಾರ್ಕಿನ ಶೇರುಪೇಟೆಯಲ್ಲಿ ಒಳ್ಳೆ ದುಡ್ಡು ಮಾಡಿದ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಅವನ ಕುಡಿತ ಹದ್ದುಮೀರಿದ್ದು ಅದೇ ವರ್ಷಗಳಲ್ಲಿ. ಅಂಗಡಿ ಮುಚ್ಚಿಸಿದರೆ ಮುಗೀತು ಅನ್ನುವ ಗೆಳೆಯರು ಇದನ್ನು ಗಮನಿಸಬೇಕು. 1929ರ ಕುಸಿತದಲ್ಲಿ ದುಡ್ಡು ಹೋಯ್ತು, ಕುಡಿತ ಹೋಗಲಿಲ್ಲ. ಮನೆ ನಡೆದದ್ದು ಹೆಂಡತಿ ಲೋಯಿಸ್ ಅಂಗಡಿಯಲ್ಲಿ ದುಡಿದು ತಂದ ಸಂಬಳದಿಂದ.

1933-34ರಲ್ಲಿ ಅವನನ್ನು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಗೆ ನಾಲ್ಕು ಸಲ ಸೇರಿಸಿದರು. ಅಲ್ಲಿನ ಡಾಕ್ಟರ್ ಸಿಲ್ಕ್‌ವರ್ತ್, ಇದು ಮನೋಬಲ ಸಾಲದ್ದಲ್ಲ, ಕಾಯಿಲೆ ಎಂದು ತಿಳಿಸಿ ಹೇಳಿದರು. ಬಿಲ್ ನಂಬಿದ. ಆದರೂ ಹೊರಬಂದು ಸ್ವಲ್ಪ ದಿನಕ್ಕೆ ಮತ್ತೆ ಬಾಟ್ಲಿ ಹಿಡಿದ. ದೇಹ ಶುದ್ಧವಾಗುತ್ತಿತ್ತು, ಹಿಂತಿರುಗುತ್ತಿದ್ದದ್ದು ಮಾತ್ರ ಅದೇ ನಿರುದ್ಯೋಗಕ್ಕೆ, ಅದೇ ಒಂಟಿತನಕ್ಕೆ.

1934ರ ನವೆಂಬರಿನಲ್ಲಿ, ಕುಡಿತ ಬಿಟ್ಟಿದ್ದ ಹಳೇ ಗೆಳೆಯನೊಬ್ಬ ಮನೆಗೆ ಬಂದು ಮಾತಾಡಿದ. ಡಿಸೆಂಬರಿನಲ್ಲಿ ಕೊನೇ ಸಲ ಅಡ್ಮಿಟ್ ಆದ ಬಿಲ್ ಆಮೇಲೆ ಕುಡಿಯಲಿಲ್ಲ. ಐದು ತಿಂಗಳ ನಂತರ ಅಕ್ರನ್ ಊರಲ್ಲಿ ವ್ಯವಹಾರ ಕೆಟ್ಟು, ಹೋಟೆಲಿನ ಬಾರ್ ಕರೆಯುತ್ತಿದ್ದಾಗ ಅವನು ಮಾಡಿದ್ದು ಫೋನು: ತನ್ನ ಹಾಗೇ ಒದ್ದಾಡುವ ಇನ್ನೊಬ್ಬನನ್ನು ಹುಡುಕಿದ. ಸಿಕ್ಕಿದವರು ಸರ್ಜನ್ ಬಾಬ್ ಸ್ಮಿತ್. ಬಾಬ್ ನಡುವೆ ಒಮ್ಮೆ ಜಾರಿದರು. ಅವರು ಕೊನೇ ಸಲ ಕುಡಿದ 1935ರ ಜೂನ್ 10 ಎಎಯ ಹುಟ್ಟಿದ ದಿನ. ಮುಂದಿನ ಜೊತೆಗಾರನನ್ನು ಇವರಿಬ್ಬರೂ ಹುಡುಕಿದ್ದು ಆಸ್ಪತ್ರೆಯಲ್ಲೇ. 1951ರಲ್ಲಿ ಲೋಯಿಸ್ ಮನೆಯವರಿಗಾಗಿ ಅಲ್-ಅನಾನ್ ಕಟ್ಟಿದಳು.

ಈಗ ನಮ್ಮೂರಿಗೆ ಬನ್ನಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಆಮೇಲೆ ನವಜೀವನ ಸಮಿತಿ ಇದೆ. ಶಿಬಿರದ ಫೋಟೊ ಎಲ್ಲರಿಗೂ ಗೊತ್ತು. ನನ್ನ ಪ್ರಕಾರ ಅಸಲಿ ಕೆಲಸ ಒಂಬತ್ತನೇ ದಿನಕ್ಕೆ ಶುರು.

ಅಡ್ಮಿಟ್ ಯಾರಿಗೆ ಬೇಕು? ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಇಲ್ಲದ್ದನ್ನು ಕಂಡು ಹೆದರಿದವರು, ಬೇರೆ ದೊಡ್ಡ ಕಾಯಿಲೆ ಇರುವವರು, ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದವರು. ಇಂಥವರು ಮನೆಯಲ್ಲಿ ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯ. ಉಳಿದವರಿಗೆ ಡಾಕ್ಟರ ಮದ್ದು, ಜೊತೆಗೊಬ್ಬರು, ತಪ್ಪದ ಭೇಟಿ ಸಾಕಾಗಬಹುದು. ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವವರಿಗೆ ತಿಂಗಳುಗಟ್ಟಲೆ ಅಡ್ಮಿಟ್ ಅಂದರೆ ದುಡಿಮೆಯೇ ಇಲ್ಲ ಮಾರಾಯ್ರೇ. ಹಾಗಾಗಿ ಹೊರರೋಗಿ ಚಿಕಿತ್ಸೆ ಬಡವರ ಪ್ರಶ್ನೆಯೂ ಹೌದು. ಯಾವುದು ಎಂದು ತೀರ್ಮಾನಿಸಬೇಕಾದ್ದು ಡಾಕ್ಟರು, ಸಿಟ್ಟಿನಲ್ಲಿರುವ ನೆಂಟರಲ್ಲ.

ರಾಜಕೀಯ ಇರುವುದು ಇಲ್ಲೇ. ಅಬಕಾರಿ ತೆರಿಗೆ ಸರ್ಕಾರಕ್ಕೆ ತಪ್ಪದೆ ಹೋಗುತ್ತದೆ. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ಘೋಷಣೆಯಾಗಿದೆ. ನಿಮ್ಮ ತಾಲೂಕಿನಲ್ಲಿ ಡಾಕ್ಟರು ಪ್ರತಿ ವಾರ ಬರುತ್ತಾರಾ, ಮದ್ದು ಸ್ಟಾಕಿದೆಯಾ, ಬಾರದೇ ಹೋದ ರೋಗಿಗೆ ಯಾರಾದರೂ ಫೋನು ಮಾಡುತ್ತಾರಾ? ಹೋಗಿ ಕೇಳಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು.

ಬಿಲ್ 1971ರ ಜನವರಿ 24ರಂದು ತೀರಿಕೊಂಡ. ಸಿಗರೇಟು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು, ಸಂತನೇನೂ ಅಲ್ಲ. ಆದರೆ ಕುಡಿಯದೆ 36 ವರ್ಷ ಬದುಕಿದ. ಅದರಲ್ಲಿ ಟೌನ್ಸ್ ಆಸ್ಪತ್ರೆ ಕೊಟ್ಟದ್ದು ಮೊದಲ ಕೆಲವು ದಿನ. ಉಳಿದದ್ದನ್ನು ಕೊಟ್ಟದ್ದು ಫೋನು ಎತ್ತಿದ ಜನ.