ಆಯ್ದಕ್ಕಿ ಲಕ್ಕಮ್ಮನ ಎಚ್ಚರ

ಕಲ್ಯಾಣದ ಶರಣರ ಚರಿತ್ರೆಯನ್ನು ಓದುವಾಗ ಅನುಭವಮಂಟಪದ ಶೂನ್ಯಸಿಂಹಾಸನವೂ ಬಸವಣ್ಣನವರ ಮಹಾಮನೆಯೂ ನಮ್ಮ ಕಣ್ಣಿಗೆ ಮೊದಲು ಕಟ್ಟುವುದು ಸಹಜ. ಆ ಮಹಾಮನೆಯ ಅಂಗಳದ ಮಣ್ಣಿನ ಮೇಲೆ ದೃಷ್ಟಿಯಿಡುವವರು ವಿರಳ. ಶರಣೆ ಲಕ್ಕಮ್ಮನ ಬಾಳು ಆ ಮಣ್ಣಿನ ಮೇಲೆ ಬಿದ್ದ ಅಕ್ಕಿಕಾಳುಗಳನ್ನು ಆಶ್ರಯಿಸಿ ಬೆಳಗಿದುದು.

12ನೆಯ ಶತಮಾನದಲ್ಲಿ, ಈಗಿನ ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಮಾರಯ್ಯ, ಲಕ್ಕಮ್ಮ ಎಂಬ ಸತಿಪತಿಗಳು ಕಲ್ಯಾಣಕ್ಕೆ ಬಂದು ನೆಲಸಿದರು. ದಾಸೋಹದ ಸಂಭ್ರಮದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿಹೋದ ಅಕ್ಕಿಯನ್ನು ಒಂದೊಂದಾಗಿ ಆಯ್ದು ತರುವುದು ಮಾರಯ್ಯನ ಕಾಯಕ. ತಂದುದನ್ನು ಅಡಿಗೆಮಾಡಿ, ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಕೊಳ್ಳುವುದು ಆ ಮನೆಯ ನಿಯಮ. ಅದರಿಂದಲೇ ಇಬ್ಬರಿಗೂ ಆಯ್ದಕ್ಕಿ ಎಂಬ ವಿಶೇಷಣ ಅಂಟಿಕೊಂಡಿತು. ಮುತ್ತುರತ್ನಗಳ ಬಿರುದನ್ನು ಹೊತ್ತವರ ಹೆಸರುಗಳು ಎಷ್ಟೋ ಮರೆತುಹೋದವು; ಈ ಬಿರುದು ಎಂಟುನೂರು ವರ್ಷ ಕಳೆದರೂ ಮಾಸಿಲ್ಲ.

ಕಾಯಕವನ್ನು ಕೈಲಾಸಕ್ಕೆ ಸಮನೆಂದು ಸಾರುವ, ಮನೆಮನೆಯ ಗೋಡೆಯ ಮೇಲೆ ಕಾಣುವ ಆ ಮಾತು ಬಸವಣ್ಣನವರದೆಂದೇ ಅನೇಕರು ತಿಳಿದಿದ್ದಾರೆ. ಅದು ದೊರೆಯುವುದು ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ತೊಡಗಿದವನಿಗೆ ಗುರುವಾಗಲಿ ಪೂಜೆಯಾಗಲಿ ನಡುವೆ ಬರಲಾಗದೆಂಬ ಉಗ್ರವಾದ ನಿಷ್ಠೆ ಅಲ್ಲಿದೆ. ಆದರೆ ಅಂತಹ ನಿಷ್ಠಾವಂತನೇ ಒಂದು ದಿನ ಕಾಯಕವನ್ನು ಮರೆತನು.

ಪ್ರಸಂಗವು ವಿಜಯನಗರದ ಕಾಲದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅಲ್ಲಮಪ್ರಭುದೇವರೊಡನೆ ನಡೆದ ಅನುಭಾವಗೋಷ್ಠಿಯಲ್ಲಿ ಮಾರಯ್ಯನು ಮೈಮರೆತನು. ಹೊತ್ತು ಸರಿದುದು ಅವನಿಗೆ ತಿಳಿಯಲಿಲ್ಲ. ಪ್ರಭುದೇವರ ಮಾತನ್ನು ಕೇಳುತ್ತ ಹೊತ್ತು ಮರೆಯುವುದೂ ಒಂದು ತಪ್ಪೇ ಎಂದು ನಾವು ಕೇಳಿಯೇವು. ಕೆಟ್ಟ ಕೆಲಸದಲ್ಲಿ ಮೈಮರೆತವನನ್ನು ಊರೆಲ್ಲ ಎಚ್ಚರಿಸುತ್ತದೆ. ಒಳ್ಳೆಯ ಮಾತಿನಲ್ಲಿ ಮೈಮರೆತವನನ್ನು ಎಬ್ಬಿಸುವ ಧೈರ್ಯ ಯಾರಿಗಿದ್ದೀತು? ಲಕ್ಕಮ್ಮನಿಗೆ ಇದ್ದಿತು. ಅವಳು ಗೋಷ್ಠಿಯನ್ನು ನಿಂದಿಸಲಿಲ್ಲ, ಪ್ರಭುದೇವರ ಹಿರಿಮೆಯನ್ನು ಅಲ್ಲಗಳೆಯಲಿಲ್ಲ. ಕಾಯಕ ನಿಂತುಹೋಗಿದೆಯೆಂಬುದನ್ನಷ್ಟೇ ಪತಿಗೆ ನೆನಪುಮಾಡಿದಳು. ಆಳ್ದನೆಂದು ಗೌರವದಿಂದ ಕರೆದೇ ಎಬ್ಬಿಸಿ ಕಳುಹಿದಳು.

ಮಾರಯ್ಯನು ತ್ವರೆಯಿಂದ ಮಹಾಮನೆಗೆ ಹೋದನು. ಅಂದು ಅಂಗಳದಲ್ಲಿ ಅಕ್ಕಿ ಹೆಚ್ಚಾಗಿ ಚೆಲ್ಲಿದ್ದಿತು. ಭಕ್ತನನ್ನು ಪರೀಕ್ಷಿಸಲು ಬಸವಣ್ಣನವರೇ ಹಾಗೆ ಮಾಡಿಸಿದರೆಂದು ಕಥೆ ಹೇಳುವವರು ಹೇಳುತ್ತಾರೆ. ಮಾರಯ್ಯನು ಎಂದಿಗಿಂತ ಮಿಗಿಲಾಗಿ ಆಯ್ದುಕೊಂಡು ಮನೆಗೆ ಬಂದನು. ಕದ್ದುದಲ್ಲ, ಬೇಡಿದುದಲ್ಲ, ಬಿದ್ದುದನ್ನು ಆಯ್ದುದು. ಲೋಕದ ಯಾವ ನ್ಯಾಯಾಸ್ಥಾನದಲ್ಲಿಯೂ ಅದು ಅಪರಾಧವಾಗದು.

ಲಕ್ಕಮ್ಮನು ಗಂಟನ್ನು ನೋಡಿದ ಕೂಡಲೇ ಭೇದವನ್ನು ಕಂಡುಹಿಡಿದಳು. ದಿನವೂ ಅದೇ ಕೈಯಿಂದ ಅಕ್ಕಿಯನ್ನು ಅಳೆದು, ತೊಳೆದು, ಬೇಯಿಸುವವಳಿಗೆ ತೂಕ ತಿಳಿಯದಿರುತ್ತದೆಯೆ? ಅವಳು ಆಡಿದ ಮಾತಿನಲ್ಲಿ ಒಂದು ಶಬ್ದಚಮತ್ಕಾರವಿದೆ. ವ್ಯಾಕರಣ ಪಾಠ ಹೇಳುವ ನನಗೆ ಅದನ್ನು ಬಿಡಿಸಿ ತೋರಿಸುವ ಆಸೆ, ಓದುಗರು ಮನ್ನಿಸಬೇಕು. ಒಂದು ಮನ ಒಮ್ಮನ, ಎರಡು ಮನ ಇಮ್ಮನ. ಮಾನವೆಂದರೆ ಧಾನ್ಯದ ಅಳತೆ. ಒಂದು ಮಾನ ಒಮ್ಮಾನ, ಎರಡು ಮಾನ ಇಮ್ಮಾನ. ಒಂದು ದೀರ್ಘಾಕ್ಷರ ಹೊರತು ಎರಡಕ್ಕೂ ಅಂತರವಿಲ್ಲ. ಅಕ್ಕಿಯ ಅಳತೆ ಮೀರಿದುದನ್ನು ಕಂಡು ಲಕ್ಕಮ್ಮನು ಮನಸ್ಸು ಇಬ್ಬಗೆಯಾದುದನ್ನು ಓದಿಕೊಂಡಳು. ಇದು ನಿಮ್ಮ ಮನಸ್ಸಿನ ಕೆಲಸವೋ ಬಸವಣ್ಣನವರ ಸಂಶಯದ ಕೆಲಸವೋ ಎಂದು ಕೇಳಿ, ಆಸೆ ಅರಸರಿಗೆ ಒಪ್ಪುವ ವಸ್ತುವೇ ಹೊರತು ಶಿವಭಕ್ತರಿಗಲ್ಲವೆಂದು ತಿಳಿಹೇಳಿದಳು. ಆ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಇಲ್ಲಿ ಮಾರಯ್ಯನನ್ನು ದುರಾಸೆಯವನೆಂದು ನಾನು ಒಪ್ಪಲಾರೆ. ಗೋಷ್ಠಿಯಲ್ಲಿ ನೆಟ್ಟ ಮನಸ್ಸು ಅಲ್ಲಿಯೇ ಉಳಿದಿತ್ತು. ಬೆರಳುಗಳು ಮಾತ್ರ ಅಂಗಳದಲ್ಲಿ ಕಾಳು ಆರಿಸುತ್ತಿದ್ದವು. ಮನಸ್ಸು ಮನೆಯಲ್ಲಿಲ್ಲದ ಕೈಗೆ ಸಾಕು ಎಂಬುದು ತಿಳಿಯುವುದಿಲ್ಲ. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಊಟಮಾಡುವವರನ್ನು ನೋಡಿ. ಹಸಿವು ಯಾವ ತುತ್ತಿಗೆ ತೀರಿತೆಂಬುದು ಅವರಿಗೆ ಗೊತ್ತೆ? ಆಮೇಲೆ ಅಜೀರ್ಣವೆಂದು ವೈದ್ಯರ ಬಾಗಿಲು ಕಾಯುತ್ತಾರೆ. ಪರರ ಮಾತೇಕೆ, ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಯಿಂದ ಹೇಳಿಸುತ್ತ ನಾನೇ ಎಷ್ಟೋ ಸಾರಿ ಮನಸ್ಸನ್ನು ಊರ ಹೊಲಕ್ಕೆ ಕಳುಹಿಸಿದ್ದೇನೆ. ಶ್ಲೋಕ ಒಂದಕ್ಷರವೂ ತಪ್ಪಿರಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಜ್ವರದಿಂದ ನಡುಗುತ್ತಿದ್ದುದು ಗಂಟೆ ಹೊಡೆದ ಮೇಲೆ ಕಣ್ಣಿಗೆ ಬಿದ್ದಿತು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡು ಸಂತೆಯ ಲೆಕ್ಕ ಹಾಕುವ ಪೂಜೆಯೂ ಇದೇ ಜಾತಿಯದು.

ಮಾರಯ್ಯನು ವಾದಿಸಲಿಲ್ಲ. ಮರಳಿ ಹೋಗಿ ಅಕ್ಕಿಯನ್ನು ಸುರಿದು ಬಂದನು. ಪತ್ನಿಯ ಮಾತಿಗೆ ತಲೆಬಾಗಿ, ನಾಲ್ವರು ನೋಡುವ ಅಂಗಳದಲ್ಲಿ ಗಂಟು ಬಿಚ್ಚುವುದು ಸುಲಭವೆಂದು ಭಾವಿಸುವ ಗೃಹಸ್ಥರು ತಮ್ಮ ಮನೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಬಹುದು. ಆ ಹೆಚ್ಚಿನ ಅಕ್ಕಿ ಒಲೆಯೇರಿದ್ದರೆ ಜಂಗಮಕ್ಕೆ ನೀಡಿದ ಅನ್ನ ಬಸವಣ್ಣನವರ ಸಿರಿಯ ಪಾಲಾಗುತ್ತಿದ್ದಿತು, ಇವರ ಬೆವರಿನ ಪಾಲಾಗುತ್ತಿರಲಿಲ್ಲ. ಚಿತ್ತ ಶುದ್ಧವಾಗಿ ಕಾಯಕ ನಡೆಸುವವನಿಗೆ ಬಡತನವೆಂಬುದೇ ಇಲ್ಲವೆಂದು ಲಕ್ಕಮ್ಮನು ತನ್ನ ವಚನದಲ್ಲಿ ಹೇಳಿಕೊಂಡಿರುವುದು ಈ ಧೈರ್ಯದಿಂದಲೇ. ಉಳಿದ ಅಲ್ಪ ಅಕ್ಕಿಯಿಂದಲೇ ಅವಳು ಬಸವಣ್ಣನವರ ಸಮೇತ ಜಂಗಮಸಮೂಹಕ್ಕೆ ದಾಸೋಹ ನಡೆಸಿದಳೆಂದು ಕಥೆಯಿದೆ. ಅದನ್ನು ಪವಾಡವೆಂದು ನಂಬುವವರು ನಂಬಲಿ; ನನ್ನ ಮನಸ್ಸು ಮಾತ್ರ ಗಂಟು ಬಿಚ್ಚಿದ ಗಳಿಗೆಯಲ್ಲಿಯೇ ನಿಲ್ಲುತ್ತದೆ.

ಮುಂದೆ ಮಾರಯ್ಯನಲ್ಲಿ ಕೈಲಾಸದ ಹಂಬಲ ಮೂಡಿದಾಗಲೂ ಲಕ್ಕಮ್ಮನು ಹೀಗೆಯೇ ತಡೆದಳು. ಕೂಲಿಯಾಳು ಸಂಜೆಗೆ ಕೈಯೊಡ್ಡುವಂತೆ, ಮಾಡಿ ನೀಡಿದುದಕ್ಕೆ ಕೈಲಾಸವನ್ನು ಎಣಿಸಿಕೊಳ್ಳಲಾಗದೆಂಬುದು ಅವಳ ನಿಲವು. ಇದ್ದ ಎಡೆಯಲ್ಲಿ, ಮಾಡುವ ಕಾರ್ಯದಲ್ಲಿ ಪೂರ್ಣವಾಗಿ ಇರುವವನು ಬೇರೊಂದು ಲೋಕಕ್ಕೆ ಏಕೆ ಹೊರಡಬೇಕು? ಅರಿವನ್ನು ಹುಡುಕುತ್ತ ಹೊರಟ ಪತಿಗೆ ಅರಿವಿನ ಮನೆಯನ್ನು ತೋರಿಸಿದವಳು ಒಲೆಯ ಮುಂದೆ ಕುಳಿತ ಗೃಹಿಣಿ.

ಲಕ್ಕಮ್ಮನ 25 ವಚನಗಳು ಇಂದು ದೊರೆತಿವೆ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಎರಡು ಸಾರಿ ಪತಿಯನ್ನು ಎಚ್ಚರಿಸಿ ಅಂಗಳಕ್ಕೆ ಕಳುಹಿದ ಶರಣೆಯು ತನ್ನ ವಚನದ ಅಂಕಿತದಲ್ಲಿ ಅವನ ಹೆಸರನ್ನೇ ಮುಂದಿಟ್ಟಿದ್ದಾಳೆ.